ಎಡಗಾಲಿಗೆ ಕೆಲಸವಿಲ್ಲದ ಕಾರು

ಗೇರ್ ಬಾಕ್ಸ್ ಒಡೆದಿರಬಹುದು. ಒಡೆಯದಿದ್ದರೆ ಅದರೊಳಗಿನ ಎಣ್ಣೆ ಸೋರಿರಬಹುದು. ಸೋರದಿದ್ದರೆ ಸುಟ್ಟಿರಬಹುದು. ಗೇರಿಗೆ ಅಪ್ಪಣೆ ಕೊಡುವ ಕಂಪ್ಯೂಟರ್ ಕೆಟ್ಟಿರಬಹುದು, ಆ ಕಂಪ್ಯೂಟರಿಗೆ ವೇಗದ ವರದಿ ಒಪ್ಪಿಸುವ ಸೆನ್ಸರ್ ಸತ್ತಿರಬಹುದು, ಎರಡರ ನಡುವಿನ ವೈರನ್ನು ಇಲಿ ಕಡಿದಿರಬಹುದು. ಆ ಇಲಿ ಇನ್ನೂ ಒಳಗೇ ಇರಬಹುದು.

ಇವತ್ತು ಬೆಳಿಗ್ಗೆ ಚಿಕ್ಕಮಗಳೂರಿನ ನಮ್ಮ ಮನೆಯ ಮುಂದೆ ಕಾರಿನ ಕೀಲಿ ತಿರುಗಿಸಿದಾಗ ಮೀಟರಿನ ಪಕ್ಕ ಒಂದು ಹಳದಿ ದೀಪ ಹೊತ್ತಿಕೊಂಡಿತು, ಆರಲೇ ಇಲ್ಲ. ಅಷ್ಟಕ್ಕೆ ನಾನು ಬಾಯಿಬಿಟ್ಟು ಹೇಳಿದ ಅನುಮಾನಗಳು ಇವು. ಪಕ್ಕದ ಸೀಟಿನಲ್ಲಿ ಸಿದ್ಧವಾಗಿ ಕೂತಿದ್ದ ಹೆಂಡತಿ, "ಇನ್ನೂ ಎಷ್ಟಿದೆ ಹೇಳಿಬಿಡಿ, ಜಾಸ್ತಿ ಇದ್ರೆ ಆಟೋ ಹಿಡೀತೀನಿ" ಎಂದಳು. ನಾನು ಇಲಿಯವರೆಗೆ ಮಾತ್ರ ಬಂದಿದ್ದೆ. ಅವಳು ಆಟೋ ಹಿಡಿದಳು.

ನಾನು ಹುಟ್ಟಾ ಚಿಂತೆಗಾರ, ಒಪ್ಪುತ್ತೇನೆ. ಕಾಗದ ಹಾಕಿದ ಮೇಲೆ ಅಂಚೆ ಡಬ್ಬಿಯನ್ನು ಎರಡು ಸಲ ತಟ್ಟಿ, ಕಾಗದ ಕೆಳಗೆ ಬಿತ್ತೋ ಇಲ್ಲವೋ ಎಂದು ಕಿವಿಗೊಡುವ ಜಾತಿ. ಆದರೆ ಗೇರಿನ ದೀಪದ ವಿಷಯದಲ್ಲಿ ನನ್ನ ಹೆದರಿಕೆಗೆ ಚರಿತ್ರೆಯ ಆಧಾರವಿದೆ. ಕೇಳುವ ವ್ಯವಧಾನ ನಿಮಗಿದ್ದರೆ ಹೇಳುತ್ತೇನೆ. ಹೇಗೂ ಕಾರು ನಿಂತಿದೆ.

ಎಂಬತ್ತರ ದಶಕದ ಕೊನೆಯಲ್ಲಿ ನಾನು ಬಣಕಲ್ಲಿನ ಆಚೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದೆ. ಆಳುಗಳ ಹಾಜರಿ, ದಿನದ ಮಳೆ, ಒಣಗಿದ ಪಾರ್ಚ್‌ಮೆಂಟ್ ಕಾಫಿಯ ಮೂಟೆ, ಎಲ್ಲವನ್ನೂ ಬರೆದಿಡುವುದು ನನ್ನ ಕೆಲಸ. ಯಜಮಾನಿ ಸರೋಜಮ್ಮನವರು. ಗಂಡನನ್ನು ಕೊಂಡೊಯ್ದ ಜೀಪಿನ ಅಪಘಾತವೇ ಅವರ ಎಡಗಾಲಿನ ಹರಡನ್ನೂ ಮುರಿದು ಹಾಕಿತ್ತು. ಕೋಲೂರಿ ನಡೆಯುತ್ತಿದ್ದರು, ಆದರೆ ಆ ಪಾದ ಮಡಚುತ್ತಿರಲಿಲ್ಲ. ಕ್ಲಚ್ ಒತ್ತುವ ಮಾತೇ ಇಲ್ಲ. ಮೊದಲು ಅವರೇ ಜೀಪು ಓಡಿಸಿಕೊಂಡು ಕಳಸದ ತಂಗಿಯ ಮನೆಗೆ ಹೋಗಿ ಬರುತ್ತಿದ್ದರಂತೆ. ಆಮೇಲಿನ ಏಳು ವರ್ಷ ಮೈದುನ ಧರ್ಮಪ್ಪಗೌಡರ ಜೀಪಿಗೆ ಕಾಯಬೇಕಾಯಿತು. ಧರ್ಮಪ್ಪಗೌಡರು ಕೆಟ್ಟವರಲ್ಲ. "ಅತ್ತಿಗೆ, ಒಂದು ಮಾತು ಹೇಳಿ ಕಳ್ಸಿ, ಬರಲ್ವಾ?" ಎನ್ನುತ್ತಿದ್ದರು, ಬರುತ್ತಲೂ ಇದ್ದರು. ಸೋಮವಾರ ಹೇಳಿ ಕಳಿಸಿದರೆ ಗುರುವಾರ ಬರುತ್ತಿದ್ದರು, ಅಷ್ಟೆ.

ಆಗ ಸಿಂಗಪುರದಲ್ಲಿ ಡಾಕ್ಟರಾಗಿದ್ದ ಸರೋಜಮ್ಮನವರ ಅಣ್ಣ ಊರಿಗೆ ವಾಪಸಾದರು. ಬರುವಾಗ ತಾವು ಓಡಿಸುತ್ತಿದ್ದ ಕಾರನ್ನೂ ಹಡಗಿನಲ್ಲಿ ತಂದು ಸರೋಜಮ್ಮನವರಿಗೆ ಕೊಟ್ಟರು. ಕ್ಲಚ್ಚಿಲ್ಲದ ಕಾರು! ಗೇರು ತಾನಾಗಿಯೇ ಬೀಳುತ್ತದೆ, ಅದಕ್ಕೆ ಒಳಗೊಂದು ಕಂಪ್ಯೂಟರ್ ಇದೆ ಎಂದು ಡಾಕ್ಟರು ವಿವರಿಸಿದಾಗ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಮುಂದೆ ಸೇರಿದ್ದ ನಮಗೆಲ್ಲ ನಂಬಿಕೆ ಬರಲಿಲ್ಲ. ನಮ್ಮ ಮೇಸ್ತ್ರಿ ಬಗ್ಗಿ ಅಡಿಯಲ್ಲಿ ನೋಡಿ, "ಎಡಗಾಲಿಗೆ ಕೆಲಸವೇ ಇಲ್ವಲ್ರೀ!" ಎಂದ. ಮಾರನೆಯ ದಿನ ಸರೋಜಮ್ಮನವರು ಒಬ್ಬರೇ ಕುದುರೆಮುಖಕ್ಕೆ ಹೋಗಿ ಸಂಜೆ ಬಂದರು.

"ಅಲ್ಲೆಂತ ಕೆಲ್ಸ ಇತ್ತಮ್ಮ?" ಎಂದು ಕೇಳಿದೆ.

"ಎಂಥದೂ ಇರ್ಲಿಲ್ಲ ಮಾರಾಯ್ರೆ. ಅದಕ್ಕೇ ಹೋಗಿದ್ದೆ."

ಹೀಗೆ ಒಂದು ವರ್ಷವೂ ಆಗಿರಲಿಲ್ಲ, ಒಂದು ಅಕ್ಟೋಬರಿನಲ್ಲಿ ಕಾರು ಮುಷ್ಕರ ಹೂಡಿತು. ಮೀಟರಿನಲ್ಲಿ ದೀಪ ಮಿಟುಕತೊಡಗಿತು. ನಿಂತಲ್ಲಿಂದ ಹೊರಡುವಾಗ ಮೂಟೆ ಹೇರಿದ ಗಾಡಿಯ ಹಾಗೆ ತಿಣುಕುತ್ತದೆ. ಬಂಗಲೆಯ ಏರಿನಲ್ಲಿ ಅರ್ಧಕ್ಕೆ ಉಸಿರು ಬಿಡುತ್ತದೆ. ನಾನು ಹಿಂದಿನಿಂದ ನೂಕಿದೆ. ನೂಕುವಾಗಲೇ ಅನುಮಾನಗಳ ಪಟ್ಟಿ ಒಪ್ಪಿಸಿದೆ: ಗೇರಿನ ಹಲ್ಲು, ಎಣ್ಣೆ, ಸಮುದ್ರದ ಉಪ್ಪುಗಾಳಿ, ಪೆಟ್ರೋಲಿನ ಕಲಬೆರಕೆ, ಸಿಂಗಪುರದಲ್ಲಿ ಏರು ಇಲ್ಲದಿರುವುದು.

ಧರ್ಮಪ್ಪಗೌಡರು ಹಗ್ಗ ಕಟ್ಟಿ ಜೀಪಿನಲ್ಲಿ ಎಳೆದು ತಂದು ಶೆಡ್ಡಿಗೆ ಸೇರಿಸಿದರು.

"ಅತ್ತಿಗೆ, ಮೈಸೂರಲ್ಲಿ ಗುರ್ತಿನವ್ರು ಇದಾರೆ. ಈ ಡಬ್ಬ ಕಿತ್ತಾಕಿ ಮಾಮೂಲಿ ಗೇರು, ಕ್ಲಚ್ಚು ಕೂರಿಸಿ ಕೊಡ್ತಾರೆ. ಸೋಮವಾರ ನಮ್ಮ ಲಾರಿ ಹೋಗ್ತದೆ, ಹೇರಿ ಕಳ್ಸಣ. ಕಾರು ಉಳೀತದೆ."

"ಕಾರು ಉಳೀತದೆ ಧರ್ಮಪ್ಪ," ಎಂದರು ಸರೋಜಮ್ಮ. "ನಾನು?"

ಧರ್ಮಪ್ಪಗೌಡರು ಹಗ್ಗವನ್ನು ಬಹಳ ಶ್ರದ್ಧೆಯಿಂದ ಸುತ್ತತೊಡಗಿದರು. ಸೋಮವಾರದೊಳಗೆ ಇನ್ನೊಬ್ಬರಿಗೆ ತೋರಿಸಿಬಿಡೋಣ ಎಂದು ಸರೋಜಮ್ಮನವರು ನನ್ನನ್ನು ಬಣಕಲ್ಲಿಗೆ ಅಟ್ಟಿದರು.

ಬಣಕಲ್ಲಿನಲ್ಲಿದ್ದವರು ಮೊಯ್ದಿನ್ ಕಾಕ. ಲಾರಿ, ಜೀಪುಗಳನ್ನು ಬಿಚ್ಚಿ ಜೋಡಿಸುವುದರಲ್ಲೇ ತಲೆ ನರೆತ ಮೆಕ್ಯಾನಿಕ್. ಭಾನುವಾರ ಬೆಳಿಗ್ಗೆ ಬಂದು ಕಾರಿನ ಸುತ್ತ ಎರಡು ಸುತ್ತು ಹಾಕಿದರು.

"ನಾನು ಇದರ ಹೊಟ್ಟೆ ಕಂಡವ ಅಲ್ಲ ಅಮ್ಮಾ. ಸುಳ್ಳು ಹೇಳುದಿಲ್ಲ. ಆದ್ರೆ ನೋಯುದು ಎಲ್ಲಿ ಅಂತ ಕೇಳ್ಬಹುದು."

ಮೊದಲು ಗೇರ್ ಎಣ್ಣೆಯ ಕಡ್ಡಿ ಎಳೆದು ಮೂಸಿದರು. ಕೆಂಪಗೆ ತಿಳಿಯಾಗಿತ್ತು. "ಸುಟ್ಟ ವಾಸನೆ ಇಲ್ಲ. ಒಳ್ಳೇದು." ಆಮೇಲೆ ಗೇರಿನ ಕೋಲನ್ನು, ಗೇರು ತಾನಾಗಿ ಬೀಳುವ 'ಡಿ'ಯಲ್ಲಿಟ್ಟು ಏರಿಗೆ ಬಿಟ್ಟರು; ಕಾರು ತಿಣುಕಿತು. ಅದೇ ಕೋಲನ್ನು ಕೈಯಿಂದ ಏರಿನ ಗೇರಾದ 'ಎಲ್'ಗೆ ಎಳೆದರು. ಕಾರು ಆಡಿನ ಮರಿಯ ಹಾಗೆ ಏರಿಬಿಟ್ಟಿತು. ಕಾಕ ಇಳಿದು ಬಂದಾಗ ಮುಖದಲ್ಲಿ ಸಣ್ಣ ನಗು.

"ಕಬ್ಬಿಣಕ್ಕೆ ಎಂತ ಆಗ್ಲಿಲ್ಲ ರೈಟ್ರೇ. ಕೈಯಲ್ಲಿ ಹಾಕಿದ್ರೆ ಹತ್ತುದು, ಅದರ ಪಾಡಿಗೆ ಬಿಟ್ರೆ ಹತ್ತುದಿಲ್ಲ. ನಿಮ್ಮ ತೋಟದಲ್ಲಿ ಆಳು ಎಲ್ಲ ಸಾಲಲ್ಲಿ ನಿಂತಿದೆ, ಮೇಸ್ತ್ರಿಯ ಕೂಗು ಮಾತ್ರ ಅವರಿಗೆ ಕೇಳುದಿಲ್ಲ, ಹಾಗೆ. ಆ ದೀಪ ಎಂತಕ್ಕೆ ಮಿಟುಕುದು? ಪುಸ್ತಕ ಉಂಟಾ?"

ಪುಸ್ತಕವಿತ್ತು, ಇಂಗ್ಲಿಷಿನಲ್ಲಿತ್ತು, ಓದಲು ನಾನಿದ್ದೆ. ದೀಪ ಸುಮ್ಮನೆ ಮಿಟುಕುವುದಿಲ್ಲವಂತೆ. ಇಂತಿಷ್ಟು ಸಲ ಮಿಟುಕಿ ತನ್ನ ಕಾಯಿಲೆಯ ನಂಬರನ್ನು ತಾನೇ ಹೇಳುತ್ತದಂತೆ. ಪುಸ್ತಕ ಹೇಳಿದಲ್ಲಿ ಕಾಕ ಎರಡು ವೈರು ಸೇರಿಸಿದರು. ನಾನು ಎಣಿಸಿದೆ. ಮೊದಲ ಸಲ ಏಳು ಬಂತು, ಎರಡನೆಯ ಸಲ ಒಂಬತ್ತು. "ಮಿಟುಕೋದು ದೀಪವಾ, ನಿಮ್ಮ ಕಣ್ಣಾ?" ಎಂದು ಸರೋಜಮ್ಮನವರು ನನ್ನನ್ನು ಸರಿಸಿ ತಾವೇ ಕೂತು ಎಣಿಸಿದರು. ಆರು, ತಡೆದು, ಎರಡು. ಪುಟ ತಿರುಗಿಸಿದೆ. ಕಂಪ್ಯೂಟರಿನಿಂದ ಗೇರಿಗೆ ಹೋಗುವ ಅಪ್ಪಣೆ ದಾರಿಯಲ್ಲೆಲ್ಲೋ ಕಡಿದಿದೆ ಎಂದಿತ್ತು.

"ಆ ಕಂಪ್ಯೂಟರ್ ಎಲ್ಲಿರುದು?"

"ಎಡಗಡೆ ಖಾನೆಯ ಹಿಂದೆ, ನಾಲ್ಕು ಸ್ಕ್ರೂ ಬಿಚ್ಚಬೇಕು," ಎಂದೆ, ಪುಟ ನೋಡದೆ.

ಕಾಕ ನನ್ನ ಮುಖ ನೋಡಿದರು. ನಾನು ಪುಸ್ತಕದಲ್ಲಿ ಆ ಪುಟ ಹುಡುಕತೊಡಗಿದೆ.

ನಾಲ್ಕು ಸ್ಕ್ರೂ ಬಿಚ್ಚಿ ಒಳಗಿನ ಪೆಟ್ಟಿಗೆಯನ್ನು ಎಳೆದರು. ಪೆಟ್ಟಿಗೆಯ ಹಣೆಯ ಮೇಲೆ ಮೂರು ಬೆರಳಿನ ಗಂಧ, ನಡುವೆ ಕಾಸಗಲ ಕುಂಕುಮ. ವೈರುಗಳನ್ನು ಅದಕ್ಕೆ ಸಿಕ್ಕಿಸಿದ್ದ ಪ್ಲಗ್ ಕಿತ್ತರೆ ಪಿನ್ನುಗಳ ನಡುವೆಯೂ ಗಂಧ ಇಳಿದು ಒಣಗಿ ಗಾರೆಯಾಗಿತ್ತು.

ನನ್ನದೇ ಬೆರಳು. ಆ ವರ್ಷದ ಆಯುಧಪೂಜೆಯ ದಿನ ಪಲ್ಪರ್, ತಕ್ಕಡಿ, ಔಷಧಿ ಹೊಡೆಯುವ ಪಂಪು, ಜೀಪು, ನನ್ನ ಟೈಪ್‌ರೈಟರ್ ಎಲ್ಲಕ್ಕೂ ಗಂಧ ಕುಂಕುಮ ಹಚ್ಚಿದ ಮೇಲೆ ಕಾರಿನ ಮುಂದೆ ನಿಂತು ಯೋಚಿಸಿದ್ದೆ. ಬಾನೆಟ್ಟಿಗೆ ಹಾರ ಹಾಕಿ ಚಕ್ರಕ್ಕೆ ನಿಂಬೆಹಣ್ಣಿಟ್ಟರೆ ಸಾಕೆ? ಕಾರನ್ನು ನಡೆಸುವವನು ಒಳಗೆ ಕತ್ತಲಲ್ಲಿ ಕೂತಿದ್ದಾನೆ. ಅವನನ್ನು ಬಿಟ್ಟು ತಗಡಿಗೆ ಪೂಜೆ ಮಾಡಿದರೆ ಅವನು ಮುನಿಸಿಕೊಂಡಾನು. ಪುಸ್ತಕ ನೋಡಿ ಜಾಗ ಹುಡುಕಿದೆ. ಹಣೆ ಅನ್ನುವಂಥ ಜಾಗದಲ್ಲಿ ಪ್ಲಗ್ ಅಡ್ಡ ಇತ್ತು. ಕಿತ್ತು, ಗಂಧ ಬಳಿದು, ತೀರ್ಥ ಚಿಮುಕಿಸಿ, ಕೈಮುಗಿದು ಮತ್ತೆ ಒತ್ತಿದೆ. ಗಂಧ ತುಸು ನೀರಾಗಿತ್ತು.

ಮುಂದಿನ ಒಂದು ವಾರ ನಾನು ಹೇಳಿದ ಇಪ್ಪತ್ತೋ ಮೂವತ್ತೋ ಕಾರಣಗಳಲ್ಲಿ ಸಿಂಗಪುರದ ಭೂಗೋಳವಿತ್ತು, ನಾನಿರಲಿಲ್ಲ.

ಕಾಕ ಪ್ಲಗ್ಗನ್ನು ಮೂಸಿದರು. ಪೆಟ್ರೋಲಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಅದ್ದಿ ಒಂದೊಂದೇ ಪಿನ್ನನ್ನು ಉಜ್ಜಿದರು, ಊದಿದರು, ಒಣಗಲು ಬಿಟ್ಟರು. ನಾನು ಬ್ಯಾಟರಿಯನ್ನು ನೋಡುತ್ತಾ ನಿಂತೆ. ಪ್ಲಗ್ ಹಾಕಿ ಕೀಲಿ ತಿರುಗಿಸಿದಾಗ ದೀಪ ಒಮ್ಮೆ ಹೊತ್ತಿ ಆರಿತು. ಸರೋಜಮ್ಮನವರು ಊರುಗೋಲನ್ನು ಹಿಂದಿನ ಸೀಟಿಗೆ ಎಸೆದು, ಗೇರನ್ನು 'ಡಿ'ಯಲ್ಲಿಟ್ಟು ಏರನ್ನು ಹತ್ತಿ ತಿರುವಿನಲ್ಲಿ ಮರೆಯಾದರು. ಐದು ನಿಮಿಷದಲ್ಲಿ ಬರುತ್ತಾರೆಂದುಕೊಂಡೆವು. ಕಳಸದ ತಂಗಿಯ ಮನೆಯಲ್ಲಿ ಊಟ ಮುಗಿಸಿ ಬಂದರು.

ಅಷ್ಟರಲ್ಲಿ ಧರ್ಮಪ್ಪಗೌಡರು ಬಂದಿದ್ದರು. "ಏನಾಗಿತ್ತು ಸಾಹೇಬ್ರೇ?"

"ಪ್ಲಗ್ಗಿನ ಬಾಯಲ್ಲಿ ಕೊಳೆ."

"ಯಾವ ಕೊಳೆ?"

ಕಾಕ ಕೈ ಒರೆಸಿಕೊಂಡರು. "ಸಿಂಗಪುರದ್ದಲ್ಲ," ಎಂದಷ್ಟೇ ಹೇಳಿ ಚಾ ಕುಡಿಯಲು ಹೋದರು. ಧರ್ಮಪ್ಪಗೌಡರು ಹಗ್ಗವನ್ನು ಜೀಪಿನೊಳಗೆ ಎಸೆದು, "ಹಂಗಾದ್ರೆ ಲಾರೀಲಿ ಮೂಟೆನೇ ಹೇರ್ತೀನಿ" ಎಂದು ಹೋದರು.

ಬಾಯಿ ಬಿಡಲು ನನಗೆ ಸರಿಯಾಗಿ ಒಂದು ವರ್ಷ ಬೇಕಾಯಿತು. ಮುಂದಿನ ಆಯುಧಪೂಜೆಯ ಬೆಳಿಗ್ಗೆ ಗಂಧದ ಬಟ್ಟಲು ಹಿಡಿದು ಅಂಗಳಕ್ಕೆ ಬಂದಾಗ ಸರೋಜಮ್ಮನವರು ಕಾರಿನ ಬಾಗಿಲಿಗೆ ಅಡ್ಡ ನಿಂತಿದ್ದರು.

"ಅಮ್ಮಾ, ಹೋದ ವರ್ಷ…" ಎಂದೆ.

"ಗೊತ್ತು. ಕಾಕ ಹೇಳ್ಲಿಲ್ಲ, ನಿಮ್ಮ ಮುಖವೇ ಹೇಳ್ತು. ಪೂಜೆ ಮಾಡಿದ್ದಕ್ಕೆ ನಂಗೆ ಸಿಟ್ಟಿಲ್ಲ ಮಾರಾಯ್ರೆ. ಊರಿನ ಕಾರಣ ಎಲ್ಲ ಹೇಳಿದ್ರಲ್ಲ, ನಿಮ್ಮದೊಂದು ಹೇಳಿದ್ದಿದ್ರೆ ಆ ವಾರ ನಾನು ಇನ್ನು ಗಾಡಿ ಮುಟ್ಟಲ್ಲ ಅಂದ್ಕಂಡು ಕೂರ್ತಿರ್ಲಿಲ್ಲ." ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡರು. "ಈ ಸಲ ಹೊರಗಿಂದ ಕೈ ಮುಗೀರಿ. ಅವನಿಗೆ ಕಾಣ್ತದೆ."

ಬೈದಿದ್ದರೆ ಮರೆತುಬಿಡುತ್ತಿದ್ದೆ.

ಇಷ್ಟು ನೆನೆದು ಮುಗಿಸಿ ಗ್ಯಾರೇಜಿನವನಿಗೆ ಫೋನ್ ಮಾಡಿದೆ. ಅವನು "ಏನ್ ಸಾರ್ ಪ್ರಾಬ್ಲಮ್ಮು?" ಎನ್ನುವ ಮೊದಲೇ, "ನಾನು ಏನು ಮಾಡಿದೆ ಅಂತ ಮೊದಲು ಹೇಳ್ತೀನಿ ಕೇಳಪ್ಪ" ಎಂದೆ. "ನಿನ್ನೆ ಸಂಜೆ ಬ್ಯಾಟರಿಯ ಕ್ಲಾಂಪು ಸಡಿಲ ಆಗಿದೆಯೋ ಏನೋ ಅಂತ ಚಿಂತೆ ಆಯ್ತು. ಸ್ಪ್ಯಾನರ್ ಹಾಕಿ ತಿರುಗಿಸಿ ನೋಡಿದೆ. ಬಿಗಿಯಾಗೇ ಇತ್ತು."

"ಆಮೇಲೆ ಮತ್ತೆ ಟೈಟ್ ಮಾಡಿದ್ರಾ ಸಾರ್?"

ಫೋನ್ ಕಿವಿಯಲ್ಲಿಟ್ಟುಕೊಂಡೇ ಹೋಗಿ ಬಾನೆಟ್ ಎತ್ತಿದೆ. ಕ್ಲಾಂಪಿನ ನಟ್ಟು ಎರಡು ಬೆರಳಿಗೆ ತಿರುಗಿತು.