ಕೆಚ್ಚಲಿನ ಸಾಕ್ಷಿ

ಅನುಮಾನವೇ ನನ್ನ ಹೊಟ್ಟೆಪಾಡು. ಕೂಡ್ಲಿಗಿ ಕೋರ್ಟಿನ ವಕೀಲೆ ಎದುರಿನವರ ಮಾತು ನಂಬಿದರೆ ಒಲೆ ಹೊತ್ತುವುದಿಲ್ಲ. ಆದರೂ ಒಂದು ಮಾತನ್ನು ಕಣ್ಣುಮುಚ್ಚಿ ನಂಬಿದ್ದೆ. ಅದು ಕಾನಹೊಸಹಳ್ಳಿ ಹತ್ತಿರದ ನಮ್ಮೂರಿನಲ್ಲಿ, ತೀರಿಹೋದ ನಮ್ಮ ದೊಡ್ಡವ್ವ ಹೇಳುತ್ತಿದ್ದದ್ದು: "ಬಾಯಿ ಸುಳ್ಳು ಹೇಳ್ತೈತಿ, ಕೆಚ್ಚಲು ಹೇಳಂಗಿಲ್ಲ." ಒಮ್ಮೆ ಮರಿ ಯಾರದೆಂದು ಜಗಳ ಬಂದಾಗ ಅವಳು ಅದನ್ನು ಎರಡೂ ಕಡೆಯ ಕುರಿಗಳ ಮುಂದೆ ಬಿಡಿಸಿದ್ದಳು. ಕುರಿ ತನ್ನ ಮರಿಗೆ ಹಾಲು ಕೊಡುತ್ತದೆ, ತನ್ನದಲ್ಲದ ಮರಿಯನ್ನು ಮೂಸಿ ದೂಡುತ್ತದೆ. ನಾವು ಕೋರ್ಟಿನಲ್ಲಿ ಹಳೆಯ ತೀರ್ಪು ಓದಿ ಹೇಳುವಂತೆ, ಊರಿನಲ್ಲಿ ಅಂದಿನಿಂದ ದೊಡ್ಡವ್ವನ ತೀರ್ಪು ಹೇಳುತ್ತಾರೆ.

ಹೋದ ವರ್ಷ ಜಗಳ ನಮ್ಮಣ್ಣನ ಹಟ್ಟಿಗೇ ಬಂತು. ಪಕ್ಕದ ಮನೆಯ ಚಿಗವ್ವ ಗಂಡ ಸತ್ತವಳು, ಒಂದೇ ಕುರಿ ಸಾಕಿಕೊಂಡವಳು. ಅದು ಈದ ಹೆಣ್ಣುಮರಿ ಅಣ್ಣನ ಹಿಂಡಿನ ಬೆನ್ನು ಹತ್ತಿ ಹೋಗಿದೆ ಎಂದು ಅವಳ ದೂರು. ಆ ಮರಿ ಬೆಳೆದರೇ ಅವಳಿಗೊಂದು ಹಿಂಡಾಗಬೇಕು. ಅಣ್ಣ, "ನಿನ್ನ ಮರಿ ನಾಯಿ ಒಯ್ದಿರಬೇಕು, ಇದು ನಮ್ಮ ಕುರಿದು. ಜಗಳ ಯಾಕ, ದೊಡ್ಡವ್ವನ ಕಾಯ್ದೆ ಐತಲ್ಲ, ಬಿಟ್ಟು ನೋಡ್ರಿ" ಅಂದ.

ಊರಿಗೆ ಬಂದಿದ್ದ ನನ್ನ ಕಿವಿ ಅಲ್ಲೇ ನೆಟ್ಟಗಾಯಿತು. ಬಸ್ಸಿನ ಸೀಟಿಗೂ ಕುಸ್ತಿಗೆ ನಿಲ್ಲುವ ಇವನು ಇಷ್ಟು ಮೆತ್ತಗೆ ಯಾವಾಗ ಆದ? ಊರ ಹಿರಿಯರು ಪಂಚಾಯ್ತಿ ಕೂತು ಮರಿ ಬಿಡಿಸಿದರು. ಅಣ್ಣನ ಕುರಿ ಬಾಲ ಮೂಸಿ ಹಾಲು ಕೊಟ್ಟಿತು. ಚಿಗವ್ವನ ಕುರಿ ಮೂಸಿ ತಲೆಯಿಂದ ಗುದ್ದಿತು. ಹಿರಿಯರು ಧೂಳು ಕೊಡವಿಕೊಂಡು ಎದ್ದರು. ಚಿಗವ್ವ ಮಾತ್ರ ಕೂತೇ ಇದ್ದಳು.

ನಾನು ಮರಿ ಎತ್ತಿಕೊಂಡೆ. ಆ ಬಿಸಿಲಿನಲ್ಲೂ ಮೈಯೆಲ್ಲ ಅಂಟಂಟು. ಕೈ ಮೂಸಿದರೆ ಹಸಿ ಚರ್ಮದ ನಾತ. ಸಿಟ್ಟು ನೆತ್ತಿಗೇರಿತು. ತಬ್ಬಲಿ ಮರಿಗೆ ಸತ್ತ ಮರಿಯ ಚರ್ಮ ಹೊದಿಸಿ, ಮರಿ ಕಳೆದುಕೊಂಡ ಕುರಿಯ ಹಾಲು ಕುಡಿಸಿ ಬದುಕಿಸುವುದು ನಮ್ಮವರಿಗೆಲ್ಲ ಗೊತ್ತಿರುವ ಪುಣ್ಯದ ಕೆಲಸ. ಚರ್ಮ ತೆಗೆದ ಮೇಲೂ ಉಳಿಯುವ ಆ ನಾತಕ್ಕೆ ಸತ್ತ ಮರಿಯ ತಾಯಿ ತನ್ನದೆಂದು ನಂಬುತ್ತದೆ, ಹೆತ್ತ ತಾಯಿ ತನ್ನದಲ್ಲವೆಂದು ದೂಡುತ್ತದೆ. ಅದನ್ನು ಪಂಚಾಯ್ತಿಯಲ್ಲಿ ಮೋಸಕ್ಕೆ ಬಳಸುತ್ತಾರೆಂದು ಯಾರಿಗೂ ಹೊಳೆದಿರಲಿಲ್ಲ.

"ಅಣ್ಣ, ನಿನ್ನ ಕುರಿ ಈದ ಮರಿ ಎಲ್ಲೈತಿ?" ಅಂದೆ.

"ನಿನ್ನ ಕೈಯಾಗ ಐತಲ್ಲ."

"ಹಂಗಾದ್ರ ಇದಕ್ಕ ಯಾವುದರ ಚರ್ಮ ಹೊಚ್ಚಿದ್ದಿ?"

"ಮನಿ ಮಗಳಾಗಿ ಊರ ಮುಂದ ಮಾನ ಕಳಿತಿ" ಅಂದ. ಅವತ್ತಿನಿಂದ ನನ್ನ ಜೊತೆ ಮಾತಿಲ್ಲ.

"ದೊಡ್ಡವ್ವ ನ್ಯಾಯ ಮಾಡಿದಾಗ ಯಾವ ಮರಿನೂ ಸತ್ತಿದ್ದಿಲ್ರಿ. ಆ ತೀರ್ಪು ಇದಕ್ಕ ಹೊಂದಂಗಿಲ್ಲ" ಎಂದು ಹಿರಿಯರಿಗೆ ಹೇಳಿದೆ. ಕೋರ್ಟಿನಲ್ಲಿ ದಿನಾ ಆಡುವ ಮಾತೇ. ಅಣ್ಣನ ಎದುರು ಆಡಿದ್ದು ಅದೇ ಮೊದಲು.

ಹಿರಿಯರು ಹೂಂಗುಟ್ಟಿದ ಮೇಲೆ ಮರಿಯನ್ನು ತೊಳೆದು ಚಿಗವ್ವನ ಮಡಿಲಿಗೆ ಹಾಕಲು ಹೋದೆ. ಅವಳು ಕೈ ಚಾಚಲಿಲ್ಲ.

"ಒಡಹುಟ್ಟಿದವನ್ನ ಬಿಟ್ಟು ನನಗ್ಯಾಕ ಕೊಡ್ತಿಯವ್ವ? ಇದರಾಗ ಇನ್ನೇನು ಮೋಸ ಐತಿ?"

ಆಮೇಲೆ ಬಗ್ಗಿ ಮರಿಯ ಬಾಲ ಮೂಸಿದಳು. ನನ್ನ ಕೈಯನ್ನೂ ಮೂಸಿ ನೋಡಿದ ಮೇಲೆಯೇ ತೆಗೆದುಕೊಂಡಳು.