ಕಂದೀಲು ಹೂವಿನ ಭೀಮಶಿ ಪೇಂಟರ್

ಹೇಸಿಕೆ ಬಂದರೆ ಭೀಮಶಿ ಪೇಂಟರ್ ಬ್ರಶ್ಶನ್ನು ತಮ್ಮ ಅಂಗಿಗೇ ಒರೆಸಿಕೊಳ್ಳುತ್ತಿದ್ದರು. ಸವದತ್ತಿಯಲ್ಲಿ ಅಂಗಡಿ ಬೋರ್ಡು ಬರೆಯುವ ಕೆಲಸ. ತಪ್ಪು ಕಾಗುಣಿತವೇ ಬೇಕೆಂದು ಹಟ ಹಿಡಿಯುವ ಸಾಹುಕಾರ, ಆಗಷ್ಟೇ ಬರೆದ ಗೋಡೆಗೆ ಎಲೆ-ಅಡಿಕೆ ಉಗುಳುವವ, ಎಲ್ಲರಿಗೂ ಅವರದು ಒಂದೇ ಮಾತು: “ಹೇಸಿ ಮಂದಿ.” ಸಂಜೆಯ ಹೊತ್ತಿಗೆ ಎದೆಯ ಮೇಲೆ ಏಳು ಬಣ್ಣ.

ನಾನು ಅಲ್ಲಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಪ್ರಯೋಗಾಲಯದ ಗೋಡೆಗೆ ಅವರಿಂದ ಎರಡು ಚಿತ್ರ ಬರೆಸಿದೆ. ಒಂದು, ದೂರದ ದ್ವೀಪದಲ್ಲಿದ್ದು ಪೂರ್ತಿ ಅಳಿದುಹೋದ, ಹಣ್ಣು ತಿನ್ನುವ ಬಾವಲಿ. ಇನ್ನೊಂದು, ಉಗರಗೋಳದಾಚೆಯ ಕಲ್ಲುಗುಡ್ಡದಲ್ಲಿ ಮಳೆಗಾಲಕ್ಕಷ್ಟೇ ಅರಳುವ, ಕಂದೀಲಿನಂಥ ಸಣ್ಣ ಹೂ. ಅದೂ ಅಳಿವಿನ ಅಂಚಿನಲ್ಲಿತ್ತು.

“ಬಾವಲಿ ಹೆಂಗ ಹೋತ್ರಿ ಸರ?”

“ಮಂದಿ ಹಿಡಿದು ತಿಂದ್ರು.”

“ಎಲ್ಲಾನೂ? ಒಂದ್ ಜೋಡಿ ಬಿಡಬೇಕಂತ ಯಾರಿಗೂ ತಿಳೀಲಿಲ್ಲೇನ್ರಿ?” ಕಂದು ಬಣ್ಣ ಅಂಗಿಗೆ ಹತ್ತಿತು.

ಹೂವನ್ನು ಫೋಟೋ ನೋಡಿ ಬರೆಯಲು ಒಪ್ಪಲಿಲ್ಲ. ಗುಡ್ಡಕ್ಕೆ ಕರೆದೊಯ್ದೆ. ಹುಲ್ಲಿನ ನಡುವೆ ಮೂರೇ ಗಿಡ ಸಿಕ್ಕವು. ಅರವತ್ತು ದಾಟಿದ ಆ ಮನುಷ್ಯ ತೇವದ ನೆಲದ ಮೇಲೆ ಬೋರಲು ಮಲಗಿ ಒಂದು ತಾಸು ಬರೆದರು. ನಾನು ಎಸಳನ್ನು ಮುಟ್ಟಹೋದಾಗ, “ಕೈ ತಗೀರಿ ಸರ” ಎಂದರು.

ಚಿತ್ರ ನೋಡಿದ ನಮ್ಮ ಶಾಲಾ ಸಂಸ್ಥೆಯ ಅಧ್ಯಕ್ಷರು ಬಹಳ ಮೆಚ್ಚಿದರು. ಹೂ ಎಲ್ಲಿ ಬೆಳೆಯುತ್ತದೆ ಎಂದು ಕೇಳಿದರು. ಹೊಗಳಿಕೆಗೆ ಉಬ್ಬಿ, ಬಂಡೆಯ ಗುರುತು ಸಮೇತ ಹೇಳಿಬಿಟ್ಟೆ.

ಪ್ರಯೋಗಾಲಯದ ಉದ್ಘಾಟನೆಯ ದಿನ ವೇದಿಕೆಯ ಮೇಲೆ ಹೂದಾನಿಯಿತ್ತು. ಅದರಲ್ಲಿ ಬೇರುಗಡ್ಡೆ ಸಮೇತ ಕಿತ್ತು ತಂದ ಮೂರೂ ಗಿಡಗಳು. ಅತಿಥಿಗಳು ಜೀವಸಂಕುಲ ಉಳಿಸುವ ಬಗ್ಗೆ ಮಾತಾಡುತ್ತಿದ್ದಾಗಲೇ ಹೂಗಳು ಬಾಡಿ ಜೋತುಬಿದ್ದವು. ಮೇಜು ಒರೆಸಲು ಬಂದ ಸಿಪಾಯಿ ಅವನ್ನು ಚಹಾ ಕಪ್ಪುಗಳ ಜೊತೆ ಬುಟ್ಟಿಗೆ ಸುರಿದ. ಆ ಬುಟ್ಟಿಯಿಂದೆದ್ದ ಹಳಸಿದ ಹಾಲಿನ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ.

ಭೀಮಶಿ ಬಂದು ನನ್ನೆದುರು ನಿಂತರು. “ಜಾಗಾ ಗೊತ್ತಿದ್ದದ್ದು ನಮ್ಮಿಬ್ಬರಿಗೇ ಅಲ್ಲೇನ್ರಿ?”

ಅಧ್ಯಕ್ಷರಿಗೆ ನಾನೇ ಹೇಳಿದ್ದೆಂದು ಒಪ್ಪಿಕೊಂಡೆ.

“ಬಾವಲಿ ತಿಂದವರ ಹೊಟ್ಟಿಯರೆ ತುಂಬಿತು. ನಿಮ್ಮದೇನ್ ತುಂಬಿತ್ರಿ ಸರ?”

ಅವರು ಮತ್ತೆ ನಮ್ಮ ಶಾಲೆಯ ಕಡೆ ಸುಳಿಯಲಿಲ್ಲ. ಎರಡು ವರ್ಷದ ಮೇಲೆ ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಮೈ ಇಳಿದುಹೋಗಿತ್ತು. ಆರೋಗ್ಯ ವಿಚಾರಿಸಿದೆ. ಅವರು ಗುಡ್ಡದ ಮಾತೆತ್ತಿದರು.

“ಗಡ್ಡಿ ಚೂರು ಉಳಿದಿದ್ರ ಈ ಮಳಿಗೆ ಚಿಗತಿರಬೇಕು. ನೋಡಿದ್ರೇನು?”

“ಹೋಗಾಕ ಆಗಿಲ್ರಿ.”

ಗಟಾರದಲ್ಲಿ ಬಿದ್ದದ್ದನ್ನು ನೋಡುವ ಹಾಗೆ ನನ್ನನ್ನು ನೋಡಿದರು. ಮುರಗೋಡದ ಬಸ್ಸು ಬಂತು, ಹತ್ತಿ ಹೋದರು. ಅದೇ ವರ್ಷ ದೀಪಾವಳಿಗೆ ಮುಂಚೆ ತೀರಿಕೊಂಡರಂತೆ.

ಆಮೇಲೆ ನಾಲ್ಕು ಮಳೆಗಾಲ ಕಳೆದಿವೆ. ನಾನಿನ್ನೂ ಆ ಗುಡ್ಡ ಹತ್ತಿಲ್ಲ.