ಒಂದು ಪಾಳಿ, ಎರಡು ಕೆಲಸ

ಹೊಸ ಪುಸ್ತಕದ ವಾಸನೆ ಬಂದರೆ ನನಗೆ ಎದೆ ಡವಗುಟ್ಟುತ್ತದೆ ಎಂದರೆ ನೀವು ನಗಬಹುದು. ಕಳೆದ ತಿಂಗಳು ಯೆರವಡಾದ ನಮ್ಮ ಮನೆಗೆ ಕೊರಿಯರಿನಲ್ಲಿ ಒಂದು ದಪ್ಪ ಪುಸ್ತಕ ಬಂತು. ಬಿಚ್ಚಿದೊಡನೆ ಅಂಟು, ಮಸಿ, ನುಣುಪು ಕಾಗದ ಎಲ್ಲ ಸೇರಿದ ಘಾಟು ಮೂಗಿಗೆ ಬಡಿಯಿತು. ಮೊದಲು ಬಂದ ಯೋಚನೆ: ಏನೇನು ಬದಲಾಯಿಸಿದ್ದಾರೋ? ಎರಡನೆಯದು: ಬದಲಾಯಿಸಿದ್ದು ಈ ವಯಸ್ಸಿನಲ್ಲಿ ನನ್ನ ತಲೆಗೆ ಹತ್ತದಿದ್ದರೆ? ಮೂರನೆಯದು: ಕಪಾಟಿನಲ್ಲಿ ಜಾಗ ಎಲ್ಲಿದೆ? ನನ್ನ ಚಿಂತೆಗಳು ಒಂಟಿಯಾಗಿ ಬರುವುದಿಲ್ಲ. ರೇಶನ್ ಅಂಗಡಿಯ ಮುಂದಿನ ಚೀಲಗಳಂತೆ ಸಾಲಾಗಿ ಬಂದು ಕೂರುತ್ತವೆ.

ಅದು ಒಂದು ಆಟದ ನಿಯಮಗಳ ಹೊಸ ಆವೃತ್ತಿ. ಆಟ ಹೀಗೆ: ಮೇಜಿನ ಸುತ್ತ ಕೂತು ಒಬ್ಬ ಕಥೆ ಹೇಳುತ್ತಾನೆ. ಎದುರಿಗೆ ಗುಹೆ ಇದೆ, ಒಳಗೆ ರಾಕ್ಷಸ ಗೊರಕೆ ಹೊಡೆಯುತ್ತಿದ್ದಾನೆ. ಉಳಿದವರು ತಲೆಗೊಂದು ವೀರನ ಪಾತ್ರ ಹಿಡಿದು, ನಾನು ಹೀಗೆ ಮಾಡುತ್ತೇನೆ ಎನ್ನುತ್ತಾರೆ. ಮಾಡಲಾಯಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ತಲೆ ನರೆತವರು ಆಡುವ ಆಟವೇ ಇದು ಎಂದು ಕೇಳಬೇಡಿ; ನಮ್ಮ ಅತ್ತೆಯವರು ಕೇಳಿಯಾಗಿದೆ.

ಆಡುತ್ತಿದ್ದವರು ನಾಲ್ವರು: ನಾನು, ನನ್ನ ಹೆಂಡತಿ ಮಾಲತಿ, ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ಸಗಟು ವ್ಯಾಪಾರ ಮಾಡುವ ಗೆಳೆಯ ಶೇಷಗಿರಿ, ಅವನ ಹೆಂಡತಿ ಸುಧಾ ವೈನಿ. ಜಾಗ ನಿಗಡಿಯ ಅವರ ಮನೆ, ದಿನ ರವಿವಾರ. ವಾರವಿಡೀ ಮರಾಠಿಯಲ್ಲಿ ಬದುಕಿದವರು ಆ ಮೂರು ತಾಸು ಬೆಳಗಾವಿಯ ಕನ್ನಡದಲ್ಲಿ ರಾಕ್ಷಸರನ್ನು ಕೊಲ್ಲುತ್ತಿದ್ದೆವು. ಪುಸ್ತಕದ ಇಂಗ್ಲಿಷ್ ಸಂಜೀವಿನಿ ನಮ್ಮ ಬಾಯಲ್ಲಿ ‘ಕಷಾಯ’ವಾಗಿತ್ತು, ಸರದಿ ‘ಪಾಳಿ’ಯಾಗಿತ್ತು. ಪಾಳಿ ಗೊಂದಲವಾಗಬಾರದೆಂದು ನಾನೊಂದು ಪದ್ಧತಿ ಹಾಕಿದ್ದೆ. ಎಲ್ಲರ ಕೈಯಲ್ಲೂ ಒಂದೊಂದು ಅಡಿಕೆ. ಕೆಲಸ ಮಾಡಿದೊಡನೆ ಅದನ್ನು ನಡುವಿನ ತಾಟಿಗೆ ಹಾಕಬೇಕು. ಹಾಕಿದರೆ ಪಾಳಿ ಮುಗಿದಂತೆ.

ಕಥೆ ಹೇಳುವವನೂ ನಾನೇ, ನಿಯಮ ಕಾಯುವವನೂ ನಾನೇ. ಕಾರ್ಖಾನೆಯಲ್ಲಿ ನನ್ನ ಕೆಲಸ ಬೋಲ್ಟುಗಳ ಅಳತೆ ನೋಡುವುದು. ಕೂದಲೆಳೆಯಷ್ಟು ತಪ್ಪಿದರೂ ಪಕ್ಕಕ್ಕೆ ಎಸೆಯಬೇಕು. ಆರು ದಿನ ಹಾಗಿದ್ದವನಿಗೆ ಏಳನೆಯ ದಿನ ಬೇರೆ ಮನುಷ್ಯನಾಗಲು ಬರುವುದಿಲ್ಲ.

ಶೇಷಗಿರಿಯ ವೀರನ ಹೆಸರು ಗಿಡ್ಡ ಮಲ್ಲಪ್ಪ. ಮೂರು ಅಡಿ ಎತ್ತರ, ಮೊಣಕಾಲಿನವರೆಗೆ ಗಡ್ಡ, ಕೈಯಲ್ಲಿ ಕೊಡಲಿ. ಒಂಬತ್ತು ವರ್ಷ ಅವನನ್ನೇ ಆಡಿದ. ಅಂಗಡಿಯಲ್ಲಿ ತಕರಾರು ಬಂದರೆ ಮಲ್ಲಪ್ಪನ ದನಿಯಲ್ಲೇ ಬೈಯುತ್ತಾನೆಂದು ವೈನಿ ಹೇಳುತ್ತಿದ್ದರು. ಸ್ವಂತ ದನಿಯಲ್ಲಿ ಅವನು ಯಾರನ್ನೂ ಬೈದವನಲ್ಲ.

ಆರು ವರ್ಷದ ಹಿಂದೆ ಒಂದು ರವಿವಾರ ಮಲ್ಲಪ್ಪ ರಾಕ್ಷಸನ ಏಟಿಗೆ ಬಿದ್ದ. ಬಿದ್ದವನು ತನ್ನ ಪಾಳಿ ಬಂದಾಗಲೆಲ್ಲ ಜೀವಕ್ಕಾಗಿ ದಾಳ ಎಸೆಯಬೇಕು. ಮೂರು ಸಲ ಸೋತರೆ ಸತ್ತಂತೆ. ಎರಡು ಸಲ ಸೋತಿದ್ದ. ಅವನಿಗಿಂತ ಮೊದಲು ವೈನಿಯ ಪಾಳಿ. ಗಂಡನನ್ನು ಕೆಡವಿದ ಸಿಟ್ಟಿಗೆ ಅವರು ರಾಕ್ಷಸನಿಗೆ ಎರಡೂ ಕೈಯಿಂದ ಗದೆ ಬೀಸಿದರು, ಠಣ್ ಎಂದು ಅಡಿಕೆ ಹಾಕಿದರು, ಆಮೇಲೆ ನೆನಪಾಯಿತು.

“ಅಯ್ಯ! ನನ್ನ ಹತ್ರ ಕಷಾಯ ಅದ! ಇವರ ಬಾಯಾಗ ಹಾಕ್ತೀನಿ.”

“ಅಡಿಕಿ ಹಾಕಿಬಿಟ್ರಿ ವೈನಿ,” ಎಂದೆ.

“ಹಾಕಿದ್ರ ಏನಾತು? ತಕ್ಕೊಳ್ತೀನಿ.”

“ಹಂಗ ಬರಂಗಿಲ್ರಿ. ಒಂದು ಪಾಳಿ, ಒಂದ ಕೆಲಸ.”

“ಬಿಡ್ರಿ ಅತ್ಲಾಗ,” ಮಾಲತಿ ನನ್ನ ತೊಡೆ ಚಿವುಟಿದಳು. “ಇಲ್ಲೇನು ಬೋಲ್ಟ್ ಅಳೀಲಿಕ್ಕೆ ಕೂತೀರೇನು?”

ನಾನು ಪುಸ್ತಕ ತೆರೆದೆ. ಪುಟ ಹುಡುಕಿದೆ. ಸಾಲಿನ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದಿದೆ. ಕಷಾಯ ಕುಡಿಸಲು ಇಡೀ ಪಾಳಿ ಬೇಕು ಎಂದು ಸ್ಪಷ್ಟವಾಗಿ ಬರೆದಿತ್ತು. ಶೇಷಗಿರಿ ದಾಳ ಎಸೆದ. ಉಳಿಯಲು ಹತ್ತಾದರೂ ಬೇಕಿತ್ತು, ನಾಲ್ಕು ಬಿತ್ತು. “ಮುಗೀತು,” ಎಂದು ಮಲ್ಲಪ್ಪನ ಗುಣಬಲ ಬರೆದಿಟ್ಟಿದ್ದ ಹಾಳೆಯನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ. ಮುಂದಿನ ರವಿವಾರ ಅವರಿಗೆ ನೆಂಟರು ಬಂದರು. ಅದರ ಮುಂದಿನ ವಾರ ಅಂಗಡಿಗೆ ಲಾರಿ ಬಂತು. ಆಮೇಲೆ ಮದುವೆ ಮುಂಜಿಗಳಲ್ಲಿ ಸಿಕ್ಕು ನಗುತ್ತಿದ್ದೆವು, ಮಂಡಿನೋವಿನ ಬಗ್ಗೆ ಮಾತಾಡುತ್ತಿದ್ದೆವು. ಆಟದ ಮಾತು ಇಬ್ಬರೂ ಎತ್ತಲಿಲ್ಲ. ನಾನು ನಿಯಮದ ಪ್ರಕಾರ ಸರಿಯಿದ್ದೆ. ಆ ಸಮಾಧಾನದಲ್ಲಿ ಒಂದು ದಿನವೂ ನೆಮ್ಮದಿಯಾಗಿರಲಿಲ್ಲ.

ಹೊಸ ಪುಸ್ತಕದಲ್ಲಿ ನಾನು ಮೊದಲು ಹುಡುಕಿದ್ದು ಅದೇ ಸಾಲನ್ನು. ಕಷಾಯ ಕುಡಿಯುವುದು, ಇನ್ನೊಬ್ಬರಿಗೆ ಕುಡಿಸುವುದು ಈಗ ಕಿರುಕೆಲಸ. ಗದೆಯನ್ನೂ ಬೀಸಬಹುದು, ಅದೇ ಪಾಳಿಯಲ್ಲಿ ಬಿದ್ದವನ ಬಾಯಿಗೆ ಕಷಾಯವನ್ನೂ ಹಾಕಬಹುದು.

ಮೂರು ಸಲ ಓದಿದೆ. ಮೈ ಜುಂ ಎಂದಿತು. ನಿಯಮ ಎಂದರೆ ನನಗೆ ಕಾರ್ಖಾನೆಯ ಉಕ್ಕಿನ ಅಳತೆಪಟ್ಟಿ. ಅದು ಯಾರೋ ಬರೆದದ್ದು ಎಂಬುದೇ ಮರೆತುಹೋಗಿತ್ತು. ಕಾಣದ ಯಾವುದೋ ಊರಿನಲ್ಲಿ, ಬರೆದವರೇ ಮತ್ತೆ ಕೂತು, ಇದು ಸ್ವಲ್ಪ ಕಠಿಣವಾಯಿತು ಎಂದುಕೊಂಡಿದ್ದರು. ಎಷ್ಟು ಮೇಜುಗಳ ಸುತ್ತ ಎಷ್ಟು ಸುಧಾ ವೈನಿಯರು ಅಯ್ಯ ಎಂದಿದ್ದರೋ, ಅದೆಲ್ಲ ಅವರ ಕಿವಿಗೆ ಹೇಗೆ ಮುಟ್ಟಿತೋ! ದೊಡ್ಡದೊಂದು ಗುಡಿಯ ಕಲ್ಲಿನ ಕಂಬ ಒಂದಡಿ ಸರಿದು ದಾರಿ ಬಿಟ್ಟಿದ್ದನ್ನು ಕಂಡವನಂತೆ ಬಾಯಿ ತೆರೆದು ಕೂತಿದ್ದೆ. ಚಹಾ ಆರಿ ಕೆನೆಗಟ್ಟಿತು.

ರವಿವಾರ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಮಾಲತಿಯೊಡನೆ ನಿಗಡಿಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಶೇಷಗಿರಿ ಬಾಗಿಲು ತೆರೆದೊಡನೆ ಅದೆಲ್ಲ ಬಿಟ್ಟು ಪುಟ ತೆರೆದು ಅವನ ಮುಂದೆ ಹಿಡಿದೆ.

ಕನ್ನಡಕ ಹಣೆಗೇರಿಸಿ ಓದಿದ. “ಮತ್ತ? ಮಲ್ಲಪ್ಪನ್ನ ಎಬ್ಬಸ್ಲಿಕ್ಕೆ ಬಂದೀ ಏನು?”

“ಎಬ್ಬಸಬಹುದು. ಈಗ ನಿಯಮದಾಗ ಅದ.”

“ಖೋಡಿ! ನಾ ಏನು ನಿಯಮಕ್ಕ ಸಿಟ್ಟಾಗಿದ್ನೇನು?” ಪುಸ್ತಕ ಮುಚ್ಚಿದ. “ಒಂಬತ್ತು ವರ್ಷದಂವ ಸಾಯ್ಲಿಕ್ಕತ್ತಿದ್ದ. ನೀ ಪುಸ್ತಕ ನೋಡಿದಿ. ಒಂದ್ಸಲ ನನ್ನ ಮಾರಿ ನೋಡಲಿಲ್ಲ.”

ಈಗ ನೋಡಿದೆ. ಮೀಸೆ ಪೂರ್ತಿ ಬೆಳ್ಳಗಾಗಿತ್ತು.

“ತಪ್ಪಾತು,” ಎಂದೆ.

“ಆತು ಬಿಡು. ಸತ್ತಂವ ಸತ್ತ, ಅವನ್ನ ಮುಟ್ಟಬ್ಯಾಡ. ಹೊಸಬನ್ನ ಮಾಡೋಣ. ಮತ್ತೇನು ಬದಲಾಗೇದ ಅದರಾಗ?”

ಮೊದಲು ಒಬ್ಬನ ಶಕ್ತಿ ಯಾವ ಕುಲದಲ್ಲಿ ಹುಟ್ಟಿದ ಎಂಬುದರಿಂದ ಬರುತ್ತಿತ್ತು, ಈಗ ಅವನು ಏನು ಕೆಲಸ ಮಾಡಿ ಬೆಳೆದ ಎಂಬುದರಿಂದ ಬರುತ್ತದೆ ಎಂದು ವಿವರಿಸಿದೆ.

“ಹಂಗಾದ್ರ ಬೆಲ್ಲದ ಪೆಂಟಿ ಹೊತ್ತಂವ ಇರ್ಲಿ!”

“ಅಲ್ಲೂ ಅಂಗಡೀನ?” ಅಡುಗೆಮನೆಯಿಂದ ವೈನಿ ಕೂಗಿದರು. “ಚುರಮುರಿ ಹಚ್ಚೀನಿ, ಬರ್ರಿ, ಮೇಜು ಖಾಲಿ ಮಾಡ್ರಿ.”

ಅರ್ಧ ತಾಸಿನಲ್ಲಿ ಬೆಲ್ಲದ ಗಟ್ಟಿಗಳ ಪೆಂಟಿ ಹೊರುವ ವೀರ ಕೋಟೆಗೋಡೆಯ ಮೇಲೆ ನಿಂತಿದ್ದ, ಕೆಳಗೆ ಕಂದಕ. ಹಾರುತ್ತೇನೆ ಎಂದ. ಶೇಷಗಿರಿ ದಾಳವನ್ನು ಅಂಗೈಯಲ್ಲಿ ಕುಲುಕಿ ಎಷ್ಟು ಜೋರಾಗಿ ಎಸೆದನೆಂದರೆ ಅದು ಮೇಜು ದಾಟಿ ದಿವಾನದ ಕೆಳಗೆ ಉರುಳಿತು. ನಾಲ್ವರೂ ಮಂಡಿನೋವು ಮರೆತು ನೆಲಕ್ಕೆ ಬಿದ್ದೆವು. ವೈನಿ ಮೊಬೈಲಿನ ಬೆಳಕು ಹಿಡಿದರು. ನೆಲಕ್ಕೆ ಬಿದ್ದ ದಾಳ ಲೆಕ್ಕಕ್ಕಿಲ್ಲ, ಮತ್ತೆ ಎಸೆಯಬೇಕು. ಅದೂ ನಾನೇ ಹಾಕಿದ್ದ ಕಟ್ಟಳೆ. ಶೇಷಗಿರಿ ದಾಳವನ್ನು ಎತ್ತಲು ಕೈ ಚಾಚಿದ, ಅಭ್ಯಾಸ.

“ಎತ್ತಬ್ಯಾಡೋ,” ನಾನು ಅವನ ಮಣಿಕಟ್ಟು ಹಿಡಿದೆ. “ಅಲ್ಲೇ ಓದು.”

ಅವನು ಕತ್ತು ತಿರುಗಿಸಿ ನನ್ನನ್ನೇ ನೋಡಿದ. ಆಮೇಲೆ ಕೆನ್ನೆಯನ್ನು ನೆಲಕ್ಕೊತ್ತಿ, ಧೂಳಿನಲ್ಲಿ ಕಣ್ಣು ಕಿರಿದು ಮಾಡಿ, ದಾಳದತ್ತ ತೆವಳಿದ.